ಮೂಟೆ ಎಷ್ಟು, ಹೊರುವ ಕಾಲು ಎಂಥದ್ದು? ವಯಸ್ಸಾದ ಮೇಲೆ ಮೈತೂಕದ ಲೆಕ್ಕ

ಕುರ್ಚಿಯಿಂದ ಏಳುತ್ತಿರುವ ಒಬ್ಬ ಹಿರಿಯರನ್ನು ಸ್ವಲ್ಪ ಗಮನಿಸಿ. ಎಪ್ಪತ್ತೈದರ ಆಸುಪಾಸು ಅನ್ನಿ. ಮೊದಲು ಅವರು ಸೀಟಿನ ಅಂಚಿಗೆ ಜರುಗುತ್ತಾರೆ. ಪಾದಗಳನ್ನು ಮಂಡಿಯ ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಎರಡೂ ಕೈ ಕುರ್ಚಿಯ ತೋಳಿನ ಮೇಲೆ. ಮೈಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗುತ್ತಾರೆ. ಎದೆ ತೊಡೆಯ ಮೇಲೆ ಬಾಗುತ್ತದೆ. 'ಹಾಂ' ಅಂತ ಒಂದು ಉಸಿರು. ಸೀಟಿನಿಂದ ನಾಲ್ಕು ಬೆರಳು ಮೇಲೆದ್ದಾಗ ತೊಡೆ ಸಣ್ಣಗೆ ನಡುಗುತ್ತದೆ. ಅದೇ ಕಷ್ಟದ ಜಾಗ. ಅದನ್ನು ದಾಟಿದರೆ ಎದ್ದರು. ದಾಟದಿದ್ದರೆ ಧಪ್ ಅಂತ ವಾಪಸ್.

ಈ ಮೂರು ನಾಲ್ಕು ಸೆಕೆಂಡಿನಲ್ಲಿ ನಡೆದಿದ್ದು ಭಾರ ಎತ್ತುವ ಕೆಲಸ. ಎತ್ತಿದ್ದು ತಮ್ಮದೇ ಮೈಯನ್ನು. ಕೆಲಸ ಮಾಡಿದ್ದು ಮುಖ್ಯವಾಗಿ ತೊಡೆಯ ಮುಂಭಾಗದ ಮತ್ತು ಕುಂಡೆಯ ಸ್ನಾಯುಗಳು. ಹಾಗಾಗಿ ಅವರು ಏಳಬಲ್ಲರೋ ಇಲ್ಲವೋ ಅನ್ನುವುದಕ್ಕೆ ಎರಡು ವಿಷಯ ಬೇಕು. ಹೊರೆ ಎಷ್ಟಿದೆ? ಹೊರುವ ಸ್ನಾಯುವಿಗೆ ಬಲ ಎಷ್ಟಿದೆ?

ತೂಕದ ಯಂತ್ರದ ಮೇಲೆ ನಿಂತಾಗ ಇವೆರಡೂ ಒಂದೇ ಅಂಕಿಯೊಳಗೆ ಸೇರಿಹೋಗುತ್ತವೆ. ಮೂಟೆಯನ್ನೂ ಹಮಾಲಿಯನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ತೂಗಿದ ಹಾಗೆ. ಮುಳ್ಳು 90 ಕಿಲೋ ತೋರಿಸಿತು ಅನ್ನಿ. ಮೂಟೆ 30, ಹಮಾಲಿ 60 ಇರಬಹುದು. ಮೂಟೆ 45, ಹಮಾಲಿ 45 ಕೂಡ ಇರಬಹುದು. ಮೆಟ್ಟಿಲು ಹತ್ತುವಾಗ ಇಬ್ಬರ ಗತಿ ಒಂದೇನಾ?

ವಯಸ್ಸಾದವರ ತೂಕದ ಬಗ್ಗೆ ನಾವು ಮಾತಾಡುವುದು ಮಾತ್ರ ಬರೀ ಆ 90ರ ಬಗ್ಗೆ. 'ದಪ್ಪ ಆಗಿದ್ದೀರಿ, ಸ್ವಲ್ಪ ಇಳಿಸಿ.' 'ಸಣ್ಣಗಾಗಿದ್ದೀರಿ, ಒಳ್ಳೇದೇ ಆಯ್ತು.' ಎರಡೂ ಮಾತು ಕೆಲವೊಮ್ಮೆ ಸರಿ, ಕೆಲವೊಮ್ಮೆ ಪೂರ್ತಿ ತಪ್ಪು.

ಶಕ್ತಿಯ ಎಷ್ಟು ಪಾಲು ಖರ್ಚಾಗುತ್ತಿದೆ?

ಇಪ್ಪತ್ತೈದರ ಹುಡುಗ ಕುರ್ಚಿಯಿಂದ ಏಳುವಾಗ ತನ್ನ ಮಂಡಿಯ ಬಲದ ಅರ್ಧವನ್ನೂ ಬಳಸುವುದಿಲ್ಲ. ಟಿಬೋರ್ ಹೋರ್ಟೊಬಾಗಿ ಮತ್ತು ಜೊತೆಗಾರರು 2003ರಲ್ಲಿ ಇದನ್ನು ಅಳೆದು ತೋರಿಸಿದರು. ಯುವಕರಿಗೆ ಕುರ್ಚಿಯಿಂದ ಏಳಲು ತಮ್ಮ ಗರಿಷ್ಠ ಬಲದ ಶೇ. 40ಕ್ಕಿಂತ ತುಸು ಜಾಸ್ತಿ ಸಾಕಾಗಿತ್ತು. ಎಪ್ಪತ್ತರ ಆಸುಪಾಸಿನವರಿಗೆ ಶೇ. 80ರಷ್ಟು ಬೇಕಾಗಿತ್ತು. ಅವರೇನೂ ಕಾಯಿಲೆಯವರಲ್ಲ, ಆರೋಗ್ಯವಾಗಿದ್ದವರೇ.

ಈ ಒಂದು ಅಂಕಿ ತಲೆಯಲ್ಲಿ ಕೂತರೆ ಮಿಕ್ಕಿದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಶೇ. 80 ಖರ್ಚು ಮಾಡಿ ಏಳುವವರ ಕೈಯಲ್ಲಿ ಉಳಿದಿರುವುದು ಬರೀ 20. ತೂಕ ಐದಾರು ಕಿಲೋ ಏರಿದರೆ ಆ 20 ಕರಗುತ್ತದೆ. ಸ್ನಾಯುವಿನ ಬಲ ಸ್ವಲ್ಪ ಇಳಿದರೂ ಕರಗುತ್ತದೆ. ಹೊರಗಿನಿಂದ ನೋಡುವವರಿಗೆ ಎರಡರ ಫಲವೂ ಒಂದೇ.

ಇನ್ನೊಂದು ಸಂಗತಿ. ಈ ಮೀಸಲು ಕರಗುವಾಗ ಸದ್ದು ಮಾಡುವುದಿಲ್ಲ. ಶೇ. 60ರಿಂದ 70ಕ್ಕೆ ಹೋದಾಗ ಯಾರಿಗೂ ಗೊತ್ತಾಗಲ್ಲ. 80ರಿಂದ 90ಕ್ಕೆ ಹೋದಾಗ 'ಯಾಕೋ ಸುಸ್ತು' ಅನಿಸುತ್ತದೆ, ಅಷ್ಟೇ. 100 ದಾಟಿದ ದಿನ ಮಾತ್ರ ಒಂದೇ ಸಲಕ್ಕೆ ಏಳೋಕೆ ಆಗಲ್ಲ. 'ಹೋದ ತಿಂಗಳು ಚೆನ್ನಾಗಿಯೇ ಓಡಾಡ್ತಿದ್ರು, ಇದ್ದಕ್ಕಿದ್ದ ಹಾಗೆ ಹೀಗಾಯ್ತು' ಅಂತ ಮನೆಯವರು ಹೇಳುವುದು ಇದಕ್ಕೇ. ಇದ್ದಕ್ಕಿದ್ದ ಹಾಗೆ ಆಗಿರುವುದಿಲ್ಲ. ಹತ್ತಿಪ್ಪತ್ತು ವರ್ಷದಿಂದ ಆಗುತ್ತಲೇ ಇತ್ತು.

ಇದನ್ನು ಬರೆಯುವ ಮುಂಚೆ ನಾನೇ ಒಂದು ಪ್ರಯೋಗ ಮಾಡಿದೆ. ಪುಸ್ತಕ ತುಂಬಿದ 10 ಕಿಲೋ ಬ್ಯಾಗನ್ನು ಎದೆಗೆ ಅವುಚಿಕೊಂಡು, ಕೈ ಊರದೆ ಕುರ್ಚಿಯಿಂದ ಎದ್ದು ಕೂತು ನೋಡಿದೆ. ಮೊದಲೆರಡು ಸಲ ಏನೂ ಅನಿಸಲಿಲ್ಲ. ಏಳೆಂಟನೇ ಸಲಕ್ಕೆ ತೊಡೆ ಉರಿಯತೊಡಗಿತು. ಕೂರುವಾಗ ನಿಧಾನವಾಗಿ ಕೂರಲು ಆಗದೆ ಬೀಳತೊಡಗಿದೆ. ಬ್ಯಾಗ್ ಕೆಳಗಿಟ್ಟು ಎದ್ದಾಗ ಮೈ ಹತ್ತಿಯಷ್ಟು ಹಗುರ. (ಮಂಡಿನೋವು ಇರುವವರು, ವಯಸ್ಸಾದವರು ದಯವಿಟ್ಟು ಇದನ್ನು ಮಾಡಿ ನೋಡಬೇಡಿ.) ನಾನೇನೋ ಬ್ಯಾಗ್ ಇಳಿಸಿಟ್ಟೆ. ಮೈಗೆ ಅಂಟಿಕೊಂಡ 10 ಕಿಲೋವನ್ನು ಹಾಗೆ ಕೆಳಗಿಡಲು ಆಗಲ್ಲ ಅಲ್ವಾ?

ತೂಕ ಅಷ್ಟೇ ಇದೆ, ಒಳಗೆ ಎಲ್ಲ ಬದಲಾಗಿದೆ

'ಇಪ್ಪತ್ತು ವರ್ಷದಿಂದ ನನ್ನ ತೂಕ ಒಂದು ಕಿಲೋ ಕೂಡ ಏರಿಲ್ಲ' ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಹೆಮ್ಮೆ ಪಡುವ ಮುಂಚೆ ಒಂದು ವಿಷಯ ನೋಡಬೇಕು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಈ ವೇಗ ಇನ್ನೂ ಜಾಸ್ತಿ. ಅಂದಮೇಲೆ ಒಟ್ಟು ತೂಕ ಹಾಗೇ ಉಳಿದಿದ್ದರೆ, ಹೋದ ಸ್ನಾಯುವಿನ ಜಾಗಕ್ಕೆ ಏನೋ ಬಂದು ಕೂತಿದೆ ಅಂತಾಯಿತು. ಬಂದಿರುವುದು ಕೊಬ್ಬು. ಹಮಾಲಿ ಸೊರಗಿದ್ದಾನೆ, ಮೂಟೆ ದೊಡ್ಡದಾಗಿದೆ, ತಕ್ಕಡಿಯ ಮುಳ್ಳು ಮಾತ್ರ ಅಲ್ಲಾಡಿಲ್ಲ.

ಹೀಗೆ ವಯಸ್ಸಿನ ಜೊತೆ ಸ್ನಾಯು ಕರಗುವುದಕ್ಕೆ 1989ರವರೆಗೆ ಒಂದು ಸರಿಯಾದ ಹೆಸರೂ ಇರಲಿಲ್ಲ. ಆ ವರ್ಷ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 'ಸಾರ್ಕೋಪೀನಿಯಾ' ಅನ್ನುವ ಪದ ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಅಂತ ಅರ್ಥ. ಹೆಸರಿಲ್ಲದ ಕಾಯಿಲೆಯನ್ನು ಯಾರೂ ಅಳೆಯಲು ಹೋಗುವುದಿಲ್ಲ. ಹೆಸರು ಬಂದ ಮೇಲೆ ಅಳೆಯತೊಡಗಿದರು.

ಅಳೆದಾಗ ಗೊತ್ತಾದ ಒಂದು ವಿಷಯ ನನಗೆ ತುಂಬ ಮುಖ್ಯ ಅನಿಸುತ್ತದೆ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಎಪ್ಪತ್ತರ ಹರೆಯದವರ ಕಾಲುಗಳನ್ನು ಮೂರು ವರ್ಷ ಅಳೆದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕಾಲಿನ ಸ್ನಾಯು ವರ್ಷಕ್ಕೆ ಶೇ. 1ರಷ್ಟು ಕಡಿಮೆಯಾದರೆ, ಬಲ ಅದರ ಮೂರು ಪಟ್ಟು ವೇಗದಲ್ಲಿ ಇಳಿದಿತ್ತು. ತೂಕ ಹೆಚ್ಚಿಸಿಕೊಂಡವರಲ್ಲೂ ಬಲದ ಇಳಿಕೆ ನಿಲ್ಲಲಿಲ್ಲ.

ಯಾಕೆ ಹೀಗೆ? ಸ್ನಾಯು ಅಂದರೆ ಬರೀ ಮಾಂಸದ ಮುದ್ದೆ ಅಲ್ಲ. ಬೆನ್ನುಹುರಿಯಿಂದ ಬರುವ ನರದ ಎಳೆ ಅಪ್ಪಣೆ ಕೊಟ್ಟಾಗಲೇ ಅದು ಬಿಗಿಯುತ್ತದೆ. ವಯಸ್ಸಾದಂತೆ ಈ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅನಾಥವಾದ ಸ್ನಾಯುವಿನ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ದತ್ತು ತೆಗೆದುಕೊಳ್ಳುತ್ತದೆ, ಉಳಿದವು ಒಣಗುತ್ತವೆ. ಮೊದಲು ಪೆಟ್ಟು ಬೀಳುವುದು ವೇಗದ ಎಳೆಗಳಿಗೆ. ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುವ ಕೆಲಸ ಇವುಗಳದ್ದು. ಅದಕ್ಕೇ ವಯಸ್ಸಾದವರಿಗೆ ಎಡವಿದ್ದು ಗೊತ್ತಾಗುತ್ತದೆ, ಕಾಲು ಸಮಯಕ್ಕೆ ಬರುವುದಿಲ್ಲ.

ಇದರ ಮೇಲೆ, ಕೊಬ್ಬು ಹೊಟ್ಟೆಯ ಸುತ್ತ ಮಾತ್ರ ಕೂರುವುದಿಲ್ಲ. ಸ್ನಾಯುವಿನ ಎಳೆಗಳ ನಡುವೆಯೂ ನುಸುಳುತ್ತದೆ. ಸ್ಕ್ಯಾನ್‌ನಲ್ಲಿ ತೊಡೆಯ ಅಡ್ಡ ಸೀಳು ನೋಡಿದರೆ ಯುವಕರ ಸ್ನಾಯು ಒಂದೇ ಸಮನಾಗಿ ಕಾಣುತ್ತದೆ. ಕೊಬ್ಬು ನುಸುಳಿದ ಹಳೆಯ ಸ್ನಾಯುವಿನಲ್ಲಿ ಅಲ್ಲಲ್ಲಿ ಗೆರೆ ಗೆರೆ, ಮಚ್ಚೆ ಮಚ್ಚೆ. ಟೇಪ್ ಹಿಡಿದು ಅಳೆದರೆ ತೊಡೆ ದಪ್ಪವಾಗಿಯೇ ಇರುತ್ತದೆ. ಎಳೆಯುವ ಭಾಗ ಮಾತ್ರ ಕಡಿಮೆ.

ಭಾರ ಜಾಸ್ತಿಯಾದಾಗ

ಇಲ್ಲೊಂದು ಪ್ರಶ್ನೆ ಏಳುತ್ತದೆ. ಜೀವನಪೂರ್ತಿ ಜಾಸ್ತಿ ತೂಕ ಹೊತ್ತು ನಡೆದವರ ಕಾಲು ಗಟ್ಟಿಯಾಗಿರಬೇಕಲ್ಲ? ದಿನವೂ ವ್ಯಾಯಾಮ ಆದ ಹಾಗೆ. ಪ್ರಶ್ನೆ ಸರಿಯಾಗಿಯೇ ಇದೆ. ಸ್ಥೂಲಕಾಯದವರ ಕಾಲಿನ ಸ್ನಾಯು ಸಾಮಾನ್ಯವಾಗಿ ತೆಳ್ಳಗಿನವರಿಗಿಂತ ದೊಡ್ಡದೇ ಇರುತ್ತದೆ, ಒಟ್ಟು ಬಲವೂ ಜಾಸ್ತಿಯೇ. ಆದರೆ ಹೊರೆ ಏರಿದಷ್ಟು ಬಲ ಏರಿರುವುದಿಲ್ಲ. ಒಂದು ಕಿಲೋ ಮೈತೂಕಕ್ಕೆ ಎಷ್ಟು ಬಲ ಅಂತ ಲೆಕ್ಕ ಹಾಕಿದರೆ ಅವರು ಹಿಂದೆ ಬೀಳುತ್ತಾರೆ. ನಡೆಯುವುದು, ಹತ್ತುವುದು, ಏಳುವುದು ಎಲ್ಲವೂ ಈ ಲೆಕ್ಕದ ಮೇಲೆಯೇ ನಡೆಯುವುದು.

ಮೆಟ್ಟಿಲನ್ನೇ ತೆಗೆದುಕೊಳ್ಳಿ. ಒಂದು ಮಹಡಿ ಸುಮಾರು 3 ಮೀಟರ್ ಎತ್ತರ. ಅದನ್ನು 12 ಸೆಕೆಂಡಿನಲ್ಲಿ ಹತ್ತಲು 60 ಕಿಲೋ ಇರುವವರ ಕಾಲು ಸುಮಾರು 150 ವ್ಯಾಟ್ ಶಕ್ತಿ ಕೊಡಬೇಕು. 80 ಕಿಲೋ ಇರುವವರ ಕಾಲು 200ರ ಹತ್ತಿರ ಕೊಡಬೇಕು. ಕಾಲು 150 ಮಾತ್ರ ಕೊಡಬಲ್ಲದು ಅಂದರೆ? ನಿಧಾನವಾಗಿ ಹತ್ತಬೇಕು, 12ರ ಬದಲು 16 ಸೆಕೆಂಡ್. ಭಾರವಿರುವ ಹಿರಿಯರು ನಿಧಾನವಾಗಿ ನಡೆಯುವುದು ಸೋಮಾರಿತನದಿಂದ ಅಂದುಕೊಳ್ಳುವವರು ಈ ಭಾಗಾಕಾರ ಒಮ್ಮೆ ಮಾಡಿ ನೋಡಬೇಕು.

ಮಂಡಿಯ ಕತೆ ಇನ್ನೂ ಕಠಿಣ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸ್ಟೀಫನ್ ಮೆಸಿಯರ್ ತಂಡ 2005ರಲ್ಲಿ ಮಂಡಿ ಸವೆತ ಇದ್ದ 142 ಮಂದಿ ಹಿರಿಯರ ನಡಿಗೆ ಅಳೆದು ಒಂದು ಲೆಕ್ಕ ಕೊಟ್ಟಿತು. ಒಂದು ಕಿಲೋ ತೂಕ ಇಳಿದರೆ, ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಒತ್ತಡ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನಡೆಯುವಾಗ ಸ್ನಾಯುಗಳು ಕೀಲನ್ನು ಬಿಗಿಯಾಗಿ ಎಳೆದು ಹಿಡಿಯುತ್ತವೆ, ಹಾಗಾಗಿ ಮೂಳೆಗಳ ನಡುವೆ ಬೀಳುವ ಒತ್ತಡ ಮೈತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಐದು ಕಿಲೋ ಇಳಿದರೆ ಹೆಜ್ಜೆಗೆ 20 ಕಿಲೋ ಕಡಿಮೆ. ದಿನಕ್ಕೆ 3000 ಹೆಜ್ಜೆ ಅಂದರೆ ಒಂದೊಂದು ಮಂಡಿಗೆ 1500. ಒಟ್ಟು ಕೂಡಿಸಿ, ಒಂದೇ ದಿನಕ್ಕೆ ಒಂದು ಮಂಡಿಗೆ 30 ಟನ್ ಒತ್ತಡ ತಪ್ಪಿತು.

ಆದರೆ ಕೊಬ್ಬು ಸುಮ್ನೆ ಕೂತು ಭಾರ ಮಾತ್ರ ಹಾಕುವುದಿಲ್ಲ. ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಕೂರುವ ಕೊಬ್ಬು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇವು ಸ್ನಾಯು ಕಟ್ಟುವ ಕೆಲಸಕ್ಕೆ ಅಡ್ಡಿ. ಇನ್ಸುಲಿನ್ ಮಾತನ್ನು ಸ್ನಾಯು ಕೇಳದ ಹಾಗೆ ಮಾಡುತ್ತವೆ. ಅಂದರೆ ಮೂಟೆಯೇ ಹಮಾಲಿಯನ್ನು ಒಳಗಿಂದೊಳಗೆ ತಿನ್ನುತ್ತದೆ. ಕಾಲು ಸೋತಾಗ ಓಡಾಟ ಕಡಿಮೆಯಾಗುತ್ತದೆ, ಓಡಾಟ ಕಡಿಮೆಯಾದಾಗ ಕೊಬ್ಬು ಏರುತ್ತದೆ. ಈ ಸುತ್ತು ಒಮ್ಮೆ ತಿರುಗತೊಡಗಿದರೆ ತಾನಾಗಿ ನಿಲ್ಲುವುದಿಲ್ಲ.

ಇವುಗಳಲ್ಲಿ ಅತಿ ಕಷ್ಟದ್ದು ಎರಡೂ ಸೇರಿದ ಸ್ಥಿತಿ. ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ನೋಡಿದವರು 'ಮೈ ಕೈ ತುಂಬಿಕೊಂಡಿದ್ದಾರೆ, ಇವರಿಗೇನು ನಿಶ್ಶಕ್ತಿ' ಅನ್ನುತ್ತಾರೆ. ದಪ್ಪಗಿರುವವರು ಸೊರಗಿರಬಹುದು ಅನ್ನುವುದು ನಮ್ಮ ಕಣ್ಣಿಗೆ ಹೊಳೆಯುವುದೇ ಇಲ್ಲ. ಹೆಂಗಸರಿಗೆ ಇದರ ತೊಂದರೆ ಇನ್ನೂ ಜಾಸ್ತಿ. ಅವರಿಗೆ ಮೊದಲಿನಿಂದಲೇ ಸ್ನಾಯುವಿನ ಪಾಲು ಗಂಡಸರಿಗಿಂತ ಕಡಿಮೆ, ಆಯಸ್ಸು ಜಾಸ್ತಿ.

ತೆಳ್ಳಗಿದ್ದರೆ ಸಾಕೇ?

ಸಾಲದು. ತೆಳ್ಳಗಿರುವವರಿಗೆ ಹೊರೆ ಕಡಿಮೆ ನಿಜ, ಹೊರುವವನೂ ತೆಳ್ಳಗೇ ಇದ್ದರೆ ಏನು ಬಂತು? ತೂಕ ತೀರಾ ಕಡಿಮೆ ಇರುವ ಹಿರಿಯರಲ್ಲಿ ಮೂಳೆಯೂ ಟೊಳ್ಳಾಗಿರುವ ಸಂಭವ ಜಾಸ್ತಿ. ಮೂಳೆ ಗಟ್ಟಿಯಾಗಿರಲು ಅದರ ಮೇಲೆ ಭಾರ ಬೀಳುತ್ತಿರಬೇಕು. ಬಿದ್ದಾಗ ಸೊಂಟದ ಪಕ್ಕದಲ್ಲಿ ಮೆತ್ತೆಯ ಹಾಗೆ ಪೆಟ್ಟು ತಡೆಯುವ ಕೊಬ್ಬೂ ಅವರಿಗಿಲ್ಲ. ದಪ್ಪಗಿರುವವರು ಬೀಳುವುದು ಹೆಚ್ಚು, ತೆಳ್ಳಗಿರುವವರ ಸೊಂಟದ ಮೂಳೆ ಮುರಿಯುವುದು ಹೆಚ್ಚು.

ಇದಕ್ಕಿಂತ ದೊಡ್ಡ ಅಪಾಯ ಹಾಸಿಗೆ ಹಿಡಿದಾಗ. 2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ, ಅರವತ್ತು ದಾಟಿದ ಹನ್ನೆರಡು ಮಂದಿಯನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿದರು. ಜ್ವರ ಇಲ್ಲ, ನೋವಿಲ್ಲ, ಊಟಕ್ಕೆ ಕೊರತೆ ಇಲ್ಲ. ಹತ್ತೇ ದಿನಕ್ಕೆ ಕಾಲಿನಿಂದ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು, ಕಾಲಿನ ಬಲ ಶೇ. 16ರಷ್ಟು ಇಳಿದಿತ್ತು. ಶೇ. 80ರ ಅಂಕಿ ನೆನಪಿದೆಯಲ್ಲ? 100ರಷ್ಟಿದ್ದ ಬಲ 84ಕ್ಕೆ ಇಳಿದರೆ, ಏಳಲು ಬೇಕಾದ 80 ಈಗ ಇರುವ ಬಲದ ಶೇ. 95. ಹತ್ತು ದಿನ ಮಲಗಿ ಎದ್ದವರು ಬಚ್ಚಲಿಗೆ ಹೋಗಲು ಒಬ್ಬರ ಕೈ ಹಿಡಿಯುವುದು ಯಾಕೆ ಅಂತ ಈ ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ನಿಜವಾದ ಕಾಯಿಲೆ ಇದ್ದು, ಊಟ ಸೇರದೆ ಮಲಗಿದರೆ ನಷ್ಟ ಇನ್ನೂ ಜಾಸ್ತಿ. ಮೊದಲೇ ತೆಳ್ಳಗಿದ್ದವರ ಬಳಿ ಕಳೆದುಕೊಳ್ಳಲು ಹೆಚ್ಚುವರಿ ಏನೂ ಇರುವುದಿಲ್ಲ.

ಹಾಗಾಗಿ ತಾನಾಗಿ ಇಳಿದ ತೂಕವನ್ನು ಹೊಗಳಬಾರದು. 2001ರಲ್ಲಿ ಲಿಂಡಾ ಫ್ರೀಡ್ ಮತ್ತು ಜೊತೆಗಾರರು ಮುಪ್ಪಿನ ಬಲಹೀನತೆಯನ್ನು ಗುರುತಿಸಲು ಐದು ಲಕ್ಷಣ ಪಟ್ಟಿ ಮಾಡಿದರು. ಪ್ರಯತ್ನಪಡದೆ ಒಂದು ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೋ ಇಳಿದಿರುವುದು ಅದರಲ್ಲಿ ಒಂದು. ಮಿಕ್ಕವು ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಸದಾ ಸುಸ್ತು, ಓಡಾಟ ಕಡಿಮೆಯಾಗುವುದು. ಮೂರು ಸೇರಿದರೆ ಬಲಹೀನತೆ ಅಂತ ಲೆಕ್ಕ. ಆರು ತಿಂಗಳಿಂದ ವರ್ಷದೊಳಗೆ ಮೈತೂಕದ ಶೇ. 5ರಷ್ಟು ಕಾರಣವಿಲ್ಲದೆ ಹೋಗಿದ್ದರೆ ವೈದ್ಯರಿಗೆ ತೋರಿಸಬೇಕು. 60 ಕಿಲೋ ಇದ್ದವರಿಗೆ ಅದು ಬರೀ 3 ಕಿಲೋ. ಬಟ್ಟೆ ಸಡಿಲವಾಗಿದೆ, ಉಂಗುರ ಬೆರಳಲ್ಲಿ ತಿರುಗುತ್ತಿದೆ ಅಂದರೆ ಅದೇ ಸುಳಿವು. ಹಿಂದೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ, ಹಲ್ಲಿನ ತೊಂದರೆ, ಮಾತ್ರೆಗಳ ಅಡ್ಡಪರಿಣಾಮ, ಕೆಲವೊಮ್ಮೆ ಕ್ಯಾನ್ಸರ್ ಕೂಡ ಇರಬಹುದು.

ಬಿಎಂಐ ಎಂಬ ಅಳತೆಗೋಲಿನ ಮಿತಿ

ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಈ ಸೂತ್ರ 1830ರ ದಶಕದ್ದು. ಮಾಡಿದವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ, ಗಣಿತ ಮತ್ತು ಖಗೋಳದ ಮನುಷ್ಯ. ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಅಂತ ನೋಡುವುದು ಅವರ ಆಸೆ. ಬಿಎಂಐ ಅನ್ನುವ ಹೆಸರು ಕೊಟ್ಟಿದ್ದು 1972ರಲ್ಲಿ ಆನ್ಸೆಲ್ ಕೀಸ್. ಒಬ್ಬೊಬ್ಬ ಹಿರಿಯರ ತೊಡೆಯೊಳಗೆ ಏನಿದೆ ಅಂತ ಹೇಳಲು ಇದು ಹುಟ್ಟಿದ್ದೇ ಅಲ್ಲ.

ವಯಸ್ಸಾದವರಲ್ಲಿ ಇದಕ್ಕೆ ಇನ್ನೊಂದು ಕೊಂಕಿದೆ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸವೆದು, ಬೆನ್ನು ಬಾಗಿ ಎತ್ತರ ಕಡಿಮೆಯಾಗುತ್ತದೆ. 160 ಸೆಂಟಿಮೀಟರ್ ಎತ್ತರ, 60 ಕಿಲೋ ಇದ್ದ ಹೆಂಗಸಿನ ಬಿಎಂಐ 23.4. ಎಂಬತ್ತಕ್ಕೆ ಅವರ ಎತ್ತರ 155 ಆಯಿತು ಅನ್ನಿ. ತೂಕ ಅದೇ 60. ಬಿಎಂಐ 25! ಒಂದು ಗ್ರಾಂ ಕೊಬ್ಬು ಸೇರದೆ ಪಾಪ ಅವರು 'ಅತಿತೂಕ'ದ ಸಾಲಿಗೆ ಬಂದು ನಿಂತರು.

ಹಾಗಾದರೆ ವಯಸ್ಸಾದವರಿಗೆ ಎಷ್ಟು ಬಿಎಂಐ ಒಳ್ಳೆಯದು? ಉತ್ತರ ನೀವು ಏನನ್ನು ಕೇಳುತ್ತಿದ್ದೀರಿ ಅನ್ನುವುದರ ಮೇಲಿದೆ. ಎಷ್ಟು ವರ್ಷ ಬದುಕುತ್ತಾರೆ ಅಂತ ಕೇಳಿದರೆ, 65 ದಾಟಿದವರಲ್ಲಿ 25ರಿಂದ 30ರ ನಡುವಿನವರಿಗೆ ಹೆಚ್ಚಿನ ಅಪಾಯ ಕಾಣುವುದಿಲ್ಲ, ತೀರಾ ತೆಳ್ಳಗಿರುವವರಿಗೇ ಅಪಾಯ ಜಾಸ್ತಿ. ಎಷ್ಟು ವರ್ಷ ಸ್ವಂತ ಕಾಲಿನ ಮೇಲೆ ಓಡಾಡುತ್ತಾರೆ ಅಂತ ಕೇಳಿದರೆ ಚಿತ್ರ ಬದಲಾಗುತ್ತದೆ. 30 ದಾಟಿದವರಿಗೆ ನಡೆಯುವ, ಹತ್ತುವ ಶಕ್ತಿ ಬೇಗ ಕುಂದುತ್ತದೆ. ಪತ್ರಿಕೆಗಳಲ್ಲಿ ಒಂದು ವಾರ 'ವಯಸ್ಸಾದ ಮೇಲೆ ಸ್ವಲ್ಪ ದಪ್ಪ ಒಳ್ಳೆಯದು' ಅಂತಲೂ ಇನ್ನೊಂದು ವಾರ 'ತೂಕ ಇಳಿಸಿ' ಅಂತಲೂ ಬರುವುದು ಈ ಎರಡು ಪ್ರಶ್ನೆಗಳನ್ನು ಕಲಸಿದ್ದರಿಂದ. ಇದರ ಜೊತೆ, ಏಷ್ಯಾದ ಜನರಲ್ಲಿ ಅದೇ ಬಿಎಂಐಗೆ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಅವರಿಗಾಗಿ 23 ಮತ್ತು 27.5ರಲ್ಲೇ ಎಚ್ಚರಿಕೆಯ ಗೆರೆ ಸೂಚಿಸಿದ್ದು ಇದಕ್ಕೇ.

ಇಳಿಸಬೇಕಾ, ಬೇಡವಾ?

ಇದಕ್ಕೆ ನನಗೆ ಸಿಕ್ಕ ಅತಿ ಸ್ಪಷ್ಟ ಉತ್ತರ ಡೆನ್ನಿಸ್ ವಿಲ್ಲಾರಿಯಲ್ ತಂಡದ ಎರಡು ಪ್ರಯೋಗಗಳಲ್ಲಿದೆ. ಮೊದಲನೆಯದು 2011ರದ್ದು. 65 ದಾಟಿದ, ಸ್ಥೂಲಕಾಯದ 107 ಮಂದಿ. ನಾಲ್ಕು ಗುಂಪು, ಒಂದು ವರ್ಷ. ಒಂದು ಗುಂಪಿಗೆ ಪಥ್ಯ ಮಾತ್ರ, ಒಂದಕ್ಕೆ ವ್ಯಾಯಾಮ ಮಾತ್ರ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ವರ್ಷದ ಕೊನೆಗೆ ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ಕೆಲಸಗಳ ಪರೀಕ್ಷೆ.

ಪಥ್ಯ ಮಾತ್ರ ಮಾಡಿದವರ ಅಂಕ ಶೇ. 12 ಏರಿತ್ತು. ವ್ಯಾಯಾಮ ಮಾತ್ರ ಮಾಡಿದವರದ್ದು ಶೇ. 15. ಎರಡೂ ಮಾಡಿದವರದ್ದು ಶೇ. 21. ತಮಾಷೆ ನೋಡಿ, ವ್ಯಾಯಾಮದ ಗುಂಪಿನ ತೂಕ ಇಳಿದೇ ಇರಲಿಲ್ಲ. ಆದರೂ ಅವರು ಹತ್ತು ಕಿಲೋ ಲೆಕ್ಕದಲ್ಲಿ ಇಳಿಸಿದ ಪಥ್ಯದ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಒಬ್ಬರು ಮೂಟೆ ಇಳಿಸಿದರು, ಇನ್ನೊಬ್ಬರು ಹಮಾಲಿಯನ್ನು ಗಟ್ಟಿ ಮಾಡಿದರು. ಎರಡೂ ಮಾಡಿದವರು ಗೆದ್ದರು.

ಪಥ್ಯದ ಗುಂಪು ಇದಕ್ಕೆ ತೆತ್ತ ಬೆಲೆಯೂ ಇತ್ತು. ಅವರ ಕೊಬ್ಬಲ್ಲದ ಮೈಭಾಗ ಶೇ. 5 ಕರಗಿತ್ತು, ಸೊಂಟದ ಮೂಳೆಯ ಸಾಂದ್ರತೆ ಶೇ. 3ರಷ್ಟು ಇಳಿದಿತ್ತು. ವ್ಯಾಯಾಮವನ್ನೂ ಸೇರಿಸಿಕೊಂಡವರಲ್ಲಿ ಈ ನಷ್ಟ ಶೇ. 3 ಮತ್ತು ಶೇ. 1.

2017ರ ಎರಡನೇ ಪ್ರಯೋಗ ಇನ್ನೂ ಚುರುಕು. ಈ ಸಲ 160 ಮಂದಿ. ತೂಕ ಇಳಿಸುವ ಮೂರು ಗುಂಪುಗಳಿಗೂ ಪಥ್ಯ ಒಂದೇ. ವ್ಯಾಯಾಮ ಮಾತ್ರ ಬೇರೆ. ಒಂದಕ್ಕೆ ನಡಿಗೆ, ಸೈಕಲ್ ತುಳಿಯುವಂಥದ್ದು. ಒಂದಕ್ಕೆ ಭಾರ ಎತ್ತುವಂಥದ್ದು. ಒಂದಕ್ಕೆ ಎರಡೂ. ಆರು ತಿಂಗಳಲ್ಲಿ ಮೂವರೂ ಮೈತೂಕದ ಶೇ. 9ರಷ್ಟು ಇಳಿಸಿದರು. ನಡಿಗೆಯ ಗುಂಪಿನಲ್ಲಿ ಕೊಬ್ಬಲ್ಲದ ಭಾಗ ಶೇ. 5 ಹೋಗಿತ್ತು. ಭಾರ ಎತ್ತಿದವರಲ್ಲಿ ಶೇ. 2. ಎರಡೂ ಮಾಡಿದವರಲ್ಲಿ ಶೇ. 3, ಆದರೆ ಕೆಲಸ ಮಾಡುವ ಶಕ್ತಿ ಏರಿದ್ದು ಅವರಲ್ಲೇ ಜಾಸ್ತಿ. ಅವರದ್ದು ಶೇ. 21, ಮಿಕ್ಕ ಎರಡೂ ಗುಂಪಿನದ್ದು ಶೇ. 14.

'ದಿನಾ ವಾಕಿಂಗ್ ಹೋಗ್ತೀನಿ' ಅನ್ನುವವರನ್ನು ನಿರುತ್ಸಾಹ ಮಾಡುವುದು ನನ್ನ ಉದ್ದೇಶವಲ್ಲ. ವಾಕಿಂಗ್ ಬೇಕೇ ಬೇಕು. ಅದೊಂದೇ ಸಾಲದು ಅಷ್ಟೇ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಯ ಸ್ನಾಯುವಿಗೆ ತನ್ನ ಗರಿಷ್ಠದ ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ. ಅಗತ್ಯ ಬೀಳದ ಬಲವನ್ನು ದೇಹ ಇಟ್ಟುಕೊಳ್ಳುವುದಿಲ್ಲ.

ಬೇಗ ಇಳಿಸುವ ಆಸೆಯಲ್ಲಿ ಇನ್ನೊಂದು ಗುಂಡಿ ಇದೆ. ಉಪವಾಸ ಬಿದ್ದು ಹತ್ತು ಕಿಲೋ ಇಳಿಸಿದರೆ ಅದರಲ್ಲಿ ಸುಮಾರು ಕಾಲು ಭಾಗ ಸ್ನಾಯು ಮುಂತಾದ ಕೊಬ್ಬಲ್ಲದ ಭಾಗ. ಆಮೇಲೆ ತೂಕ ವಾಪಸ್ ಬಂದರೆ, ಹಿರಿಯರಲ್ಲಿ ಬರುವುದು ಬಹುಪಾಲು ಕೊಬ್ಬು. ಹೋದ ಸ್ನಾಯು ಅಷ್ಟೇ ಸುಲಭಕ್ಕೆ ವಾಪಸ್ ಬರುವುದಿಲ್ಲ. ಯಂತ್ರದ ಮುಳ್ಳು ಮೊದಲಿದ್ದಲ್ಲಿಗೇ ಬಂದು ನಿಂತಿದೆ, ಒಳಗಿನ ಲೆಕ್ಕ ಮಾತ್ರ ಕೆಟ್ಟಿದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದುಗಳಿಗೂ ಇದೇ ಮಾತು. ಇಳಿದ ತೂಕದಲ್ಲಿ ಒಂದು ಪಾಲು ಸ್ನಾಯುವಿನದ್ದೂ ಇರುತ್ತದೆ. ಹಸಿವು ಕಡಿಮೆಯಾಗಿ ಊಟವೂ ಕಡಿಮೆಯಾಗುವುದರಿಂದ ಪ್ರೋಟೀನ್ ಸಾಲದೆ ಹೋಗುವ ಅಪಾಯವೂ ಇದೆ. ಹಿರಿಯರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರ ಗುಂಪೊಂದು 2013ರಲ್ಲಿ ಸಲಹೆ ಕೊಟ್ಟಿತು. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಮನೆಯಲ್ಲೇ ಅಳೆಯಬಹುದಾದದ್ದು

ಹಮಾಲಿಯನ್ನು ಬೇರೆಯಾಗಿ ತೂಗುವುದು ಹೇಗೆ? ಅದಕ್ಕೆ ಸ್ಕ್ಯಾನ್ ಬೇಕಂತೇನಿಲ್ಲ. ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹಿರಿಯರು ಎರಡೂ ಕೈಯನ್ನು ಎದೆಯ ಮೇಲೆ ಮಡಚಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡಿ. ಏಷ್ಯಾದ ತಜ್ಞರ 2019ರ ಗೆರೆ 12 ಸೆಕೆಂಡ್, ಯುರೋಪಿನವರದ್ದು 15. ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ ಅಂತ ಅನುಮಾನಿಸಬೇಕು. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಸೆಕೆಂಡಿನ ಲೆಕ್ಕವೇ ಬೇಡ.

ನಡಿಗೆಯ ವೇಗವೂ ಒಳ್ಳೆಯ ಅಳತೆ. ಮಾಮೂಲಿ ನಡಿಗೆಯಲ್ಲಿ 4 ಮೀಟರ್ ದಾಟಲು 5 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆ. ಅದು ಎಚ್ಚರದ ಗಂಟೆ. ಮೀನಖಂಡದ ಸುತ್ತಳತೆ ಇನ್ನೂ ಸುಲಭ, ಅತಿ ದಪ್ಪ ಇರುವ ಜಾಗಕ್ಕೆ ಟೇಪ್ ಸುತ್ತಿದರೆ ಆಯಿತು. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರಬಹುದು. ಕಾಲು ಊದಿಕೊಂಡಿದ್ದರೆ, ಕೊಬ್ಬು ಜಾಸ್ತಿ ಇದ್ದರೆ ಟೇಪ್ ಸುಳ್ಳು ಹೇಳುತ್ತದೆ. ಕುರ್ಚಿ ಹಾಗೆ ಸುಳ್ಳು ಹೇಳುವುದಿಲ್ಲ. ಹೊರೆಯನ್ನು ಬಲದಿಂದ ಭಾಗಿಸಿ ಉತ್ತರವನ್ನೇ ಕೈಗೆ ಕೊಡುತ್ತದೆ. ಅದಕ್ಕೇ ನನಗೆ ಕುರ್ಚಿಯ ಮೇಲೆ ಹೆಚ್ಚು ನಂಬಿಕೆ.

ಕುಂದಿದ ಬಲ ಆ ವಯಸ್ಸಿನಲ್ಲಿ ವಾಪಸ್ ಬರುತ್ತದಾ ಅಂತ ಕೇಳುವವರಿಗೆ 1990ರ ಒಂದು ಪ್ರಯೋಗ ಹೇಳಬೇಕು. ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ವೃದ್ಧಾಶ್ರಮವೊಂದರ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಹಗುರ ಭಾರ ಅಲ್ಲ, ಅವರ ಗರಿಷ್ಠ ಬಲದ ಶೇ. 80ರವರೆಗೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಇದ್ದರು. ಪೂರ್ತಿ ಮುಗಿಸಿದ್ದು ಒಂಬತ್ತು ಮಂದಿ. ತೊಡೆಯ ಸ್ನಾಯು ಶೇ. 9 ಬೆಳೆದಿತ್ತು. ಬಲ ಸರಾಸರಿ ಶೇ. 174 ಏರಿತ್ತು. ಸ್ನಾಯುವಿಗಿಂತ ಬಲ ಅಷ್ಟು ಏರಿದ್ದು ಯಾಕೆಂದರೆ ಮಲಗಿದ್ದ ನರಗಳು ಮೊದಲು ಎದ್ದವು. ಇಬ್ಬರು ಊರುಗೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದ ಮೂವರಲ್ಲಿ ಒಬ್ಬರು ಎದ್ದು ನಿಂತರು. ಆಮೇಲೆ ವ್ಯಾಯಾಮ ನಿಲ್ಲಿಸಿದರು. ನಾಲ್ಕೇ ವಾರಕ್ಕೆ ಬಲ ಶೇ. 32ರಷ್ಟು ಇಳಿಯಿತು.